ಸಣ್ಣ ಮೋಟಾರು ಗಾಡಿ ಮತ್ತು ಸಾಮಾನ್ಯ ಗೃಹಸ್ಥ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪಟ್ಟಣಗಳ ನಡುವಣ ರಸ್ತೆಗಳಲ್ಲಿ ಸಂಜೆಯ ಹೊತ್ತು ಸಂಚರಿಸುವವರ ಕಣ್ಣಿಗೆ ಒಂದು ನೋಟವು ಬೀಳದೆ ಇರಲಾರದು. ತಂದೆ, ತಾಯಿ, ಇಬ್ಬರು ಮಕ್ಕಳು, ಮುಂದುಗಡೆ ಒಂದು ಸಾಮಾನಿನ ಚೀಲ. ಇವಿಷ್ಟೂ ಒಂದೇ ದ್ವಿಚಕ್ರ ವಾಹನದ ಮೇಲೆ! ಹಿಂದಿನಿಂದ ಟೊಮ್ಯಾಟೊ ಹೇರಿದ ಲಾರಿ, ಎದುರಿನಿಂದ ಬಸ್ಸು. ಮಳೆ ಹಿಡಿದರೆ ಹುಣಿಸೆಯ ಮರದ ಬುಡವೇ ಗತಿ. ಈ ಗೃಹಸ್ಥನು ದರಿದ್ರನಲ್ಲ. ಅವನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವನಿರಬಹುದು, ಚಿಂತಾಮಣಿಯ ಮಂಡಿಯಲ್ಲಿ ಲೆಕ್ಕ ಬರೆಯುವವನಿರಬಹುದು, ಗೌರಿಬಿದನೂರಿನ ಪ್ರೌಢಶಾಲೆಯ ಉಪಾಧ್ಯಾಯನಿರಬಹುದು. ಅವನಿಗೆ ಮನೆಯುಂಟು, ಮಾನವುಂಟು. ನಾಲ್ಕು ಚಕ್ರದ ಹೊಸ ಗಾಡಿಯೊಂದನ್ನು ಕೊಳ್ಳಬೇಕೆಂಬ ಅವನ ಅಪೇಕ್ಷೆಯು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಮುಂದೆ ಹೋಗುತ್ತಿದೆ.

ಇದು ಭೋಗದ ಮಾತಲ್ಲವೆ, ಬಸ್ಸಿಲ್ಲವೆ, ರೈಲಿಲ್ಲವೆ ಎಂದು ರಾಜಧಾನಿಯ ಮಹನೀಯರು ಕೇಳಬಹುದು. ಉಂಟು, ಎರಡೂ ಉಂಟು. ಆದರೆ ನಡುರಾತ್ರಿಯಲ್ಲಿ ವೃದ್ಧ ತಾಯಿಗೆ ಎದೆನೋವು ಬಂದು ಬೆಂಗಳೂರಿಗೆ ಕರೆದೊಯ್ಯಬೇಕಾದಾಗ ಬಸ್ಸಿನ ವೇಳಾಪಟ್ಟಿಯನ್ನು ನೋಡುತ್ತ ಕೂರುವುದಕ್ಕಾಗುವುದಿಲ್ಲ. ಇಂತಹ ಹೊತ್ತಿನಲ್ಲಿ ಬಾಡಿಗೆಯ ಕಾರಿನವನು ಕೇಳಿದ್ದೇ ಬೆಲೆ.

ಈ ಸಂಗತಿಯನ್ನು ಚಿಂತಿಸುವಾಗ ನಮ್ಮ ಮನಸ್ಸು ಚಿಕ್ಕಬಳ್ಳಾಪುರಕ್ಕೆ ಕೆಲವೇ ಮೈಲಿ ದೂರದ ಮುದ್ದೇನಹಳ್ಳಿಗೆ ಹೋಗುವುದು ಸಹಜವೇ ಆಗಿದೆ. ಆ ಗ್ರಾಮದಲ್ಲಿ ಹುಟ್ಟಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕಟ್ಟಿಸಿದ ಕಟ್ಟೆಗಳನ್ನು ಎಲ್ಲರೂ ಬಲ್ಲರು. ಅವರು ಕಟ್ಟಲೆಳಸಿ ಕಟ್ಟಲಾಗದೆ ಹೋದ ಮೋಟಾರು ಕಾರ್ಖಾನೆಯನ್ನು ಬಲ್ಲವರು ವಿರಳ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ನಮ್ಮ ದೇಶದಲ್ಲಿಯೇ ಕಾರುಗಳನ್ನು ನಿರ್ಮಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರೊಡನೆ ನಿಂತರು. ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದವೂ ಆಯಿತು. ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಲು ಮೈಸೂರು ಸರಕಾರವು ಪಾಲುದಾರನಾಗಿ ಮುಂದೆ ಬಂದಿತು. ಆದರೆ ಅಂದಿನ ಪರಕೀಯ ಸರಕಾರವು ಯುದ್ಧದ ನೆಪವನ್ನು ಮುಂದಿಟ್ಟು ಸಹಾಯವನ್ನು ನಿರಾಕರಿಸಿತು. ಮೈಸೂರು ಹಿಂದೆ ಸರಿಯಬೇಕಾಯಿತು. ಕಡೆಗೆ 1944ರಲ್ಲಿ ಪ್ರೀಮಿಯರ್ ಕಂಪೆನಿಯು ಹುಟ್ಟಿದ್ದು ಮುಂಬಯಿಯಲ್ಲಿ.

ಪರರ ಆಳಿಕೆ ತೊಲಗಿದ ಮೇಲೆ ಈ ಹಾದಿ ಸುಗಮವಾಯಿತೆ? ಆಗಲಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. 1951ರ ಕೈಗಾರಿಕಾ ಕಾಯಿದೆಯು ಲೈಸೆನ್ಸಿಲ್ಲದೆ ದೊಡ್ಡ ಕಾರ್ಖಾನೆಯೇ ಇಲ್ಲವೆಂದು ವಿಧಿಸಿತು. ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರು ಜಾತಿಯ ಗಾಡಿಗಳೇ ದಶಕಗಳ ಕಾಲ ನಮ್ಮ ಪಾಲಿಗೆ ಬಂದವು. ಠೇವಣಿ ಇಟ್ಟು ವರ್ಷಗಟ್ಟಲೆ ಕಾಯಬೇಕಾಗಿತ್ತು. ಮಗನ ಉಪನಯನಕ್ಕೆಂದು ಬರೆಸಿದ ಕಾರು ಅವನ ಮದುವೆಗೆ ಬಂದೀತೆಂದು ಜನರು ಹಾಸ್ಯಮಾಡುವಂತಾಯಿತು. 1960ರ ಸುಮಾರಿನಲ್ಲಿ ಅಗ್ಗದ ಕಾರಿನ ವಿಚಾರವನ್ನು ಸಮಿತಿಗಳು ಪರಿಶೀಲಿಸಿದವು, ಕಾರು ಹೊರಬರಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಎಪ್ಪತ್ತರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಗಾಡಿಯನ್ನೂ, ಎಂಬತ್ತರ ದಶಕದಲ್ಲಿ ‘ಡಾಲ್ಫಿನ್’ ಎಂಬ ಸಣ್ಣ ಕಾರನ್ನೂ ಸಾಹಸದಿಂದ ನಿರ್ಮಿಸಿದರು. ಅವು ಬಹುಕಾಲ ನಿಲ್ಲಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಬೆಲೆ 47,500 ರೂಪಾಯಿ. ಮಧ್ಯಮವರ್ಗದವನು ಕಾರಿನ ಬಾಗಿಲನ್ನು ತನ್ನದೆಂದು ತೆರೆದುದು ಆಗಲೇ. ಆಮೇಲೆ 2008ರ ಜನವರಿಯಲ್ಲಿ ಟಾಟಾ ಸಂಸ್ಥೆಯು ಒಂದು ಲಕ್ಷದ ನ್ಯಾನೋವನ್ನು ಪ್ರದರ್ಶಿಸಿದಾಗ, ಮಳೆಯಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿದ್ದ ಕುಟುಂಬವೇ ತಮಗೆ ಪ್ರೇರಣೆಯಾಯಿತೆಂದು ರತನ್ ಟಾಟಾ ಅವರು ಹೇಳಿದ್ದರು. ಸಿಂಗೂರಿನಿಂದ ಆ ಕಾರ್ಖಾನೆ ಹೊರಟಾಗ ನಮ್ಮ ಸರಕಾರವು ಧಾರವಾಡದಲ್ಲಿ ಭೂಮಿ ಕೊಡಲು ಮುಂದಾಯಿತಾದರೂ ಅದು ಗುಜರಾತಿಗೆ ಹೋಯಿತು. ‘ಅತಿ ಅಗ್ಗದ ಗಾಡಿ’ ಎಂಬ ಹೆಸರೇ ನ್ಯಾನೋವಿಗೆ ಮುಳುವಾಗಿ, 2018ರಲ್ಲಿ ಅದರ ನಿರ್ಮಾಣವು ನಿಂತಿತು. ನೆರೆಯವನೆದುರಿಗೆ ಅಗ್ಗದವನೆನಿಸಿಕೊಳ್ಳಲು ನಮ್ಮವರೂ ಒಪ್ಪರು. ಈ ದೋಷ ಕೊಳ್ಳುವವರದೂ ಹೌದು.

ಈಗಿನ ಸ್ಥಿತಿ ಹೇಗಿದೆ? ಐದು ಲಕ್ಷ ರೂಪಾಯಿಗೆ ಒಳಪಟ್ಟ ಕಾರುಗಳು 2015-16ರಲ್ಲಿ ದೇಶದಲ್ಲಿ 9 ಲಕ್ಷಕ್ಕೂ ಮಿಕ್ಕು ಮಾರಾಟವಾಗಿದ್ದವು. 2024-25ರಲ್ಲಿ ಅವುಗಳ ಸಂಖ್ಯೆ 30 ಸಾವಿರವನ್ನೂ ಮುಟ್ಟಲಿಲ್ಲ. 2020ರ ಏಪ್ರಿಲಿನಿಂದ ಹೊಗೆಯ ನಿಯಮಗಳು ಬಿಗಿಯಾದವು. ಗಾಳಿಚೀಲ ಮೊದಲಾದ ರಕ್ಷಣೆಗಳು ಸೇರಿದವು. ಇವನ್ನು ನಾವು ಆಕ್ಷೇಪಿಸುವುದಿಲ್ಲ. ಬಡವನ ಪ್ರಾಣವೂ ಪ್ರಾಣವೇ. ಕೇಂದ್ರ ಸರಕಾರವು 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಸರಕು ಸೇವಾ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿ, ಮೇಲಿನ ಸೆಸ್ಸನ್ನೂ ತೆಗೆದುದು ಶ್ಲಾಘ್ಯವಾದ ಕಾರ್ಯ. ಅದರಿಂದ ಆಲ್ಟೋ ಕಾರಿನ ಆರಂಭದ ಬೆಲೆಯು ಸುಮಾರು 3,70,000 ರೂಪಾಯಿಗೆ ಇಳಿಯಿತು.

ಆದರೆ ಅಂಗಡಿಯ ಬೆಲೆ ಬೇರೆ, ರಸ್ತೆಗೆ ಇಳಿಯುವ ಬೆಲೆ ಬೇರೆ. ನಮ್ಮ ರಾಜ್ಯದ ಜೀವಾವಧಿ ತೆರಿಗೆಯು ಐದು ಲಕ್ಷದವರೆಗಿನ ಕಾರಿಗೆ ಶೇಕಡಾ 13. ಮೇಲೆ ಹೇಳಿದ ಕಾರಿಗೆ ಇದೇ 48,100 ರೂಪಾಯಿ. ಆ ತೆರಿಗೆಯ ಮೇಲೆ ಸೆಸ್ಸು ಬೇರೆ. 2018ರಿಂದ ಮೂರು ವರ್ಷದ ತೃತೀಯ ಪಕ್ಷದ ವಿಮೆಯನ್ನು ಒಟ್ಟಿಗೆ ಕಟ್ಟಬೇಕು. ಎಲ್ಲವೂ ಸೇರಿ ನಾಲ್ಕೂಕಾಲು ಲಕ್ಷವನ್ನು ಮೀರುತ್ತದೆ. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಗಾಡಿಯನ್ನು ಕೊಳ್ಳುವ ಶ್ರೀಮಂತನಿಗೆ ಇರುವ ದರ ಶೇಕಡಾ 18. ಅವನಿಗೂ ಶಿಡ್ಲಘಟ್ಟದ ನೂಲು ಬಿಚ್ಚುವವನಿಗೂ ಸರಕಾರವು ಕಂಡ ಅಂತರ ಐದೇ ಅಂಶ! ಇಷ್ಟೇ ಅಲ್ಲ, 2024ರವರೆಗೆ ಕೋಟಿ ರೂಪಾಯಿಯ ವಿದ್ಯುತ್ ಕಾರಿಗೂ ಇದೇ ರಾಜ್ಯದಲ್ಲಿ ಈ ತೆರಿಗೆಯಿರಲಿಲ್ಲ.

ಇನ್ನು ಸಾಲದ ಮಾತು. ಮೂರೂವರೆ ಲಕ್ಷವನ್ನು ಏಳು ವರ್ಷಕ್ಕೆ, ಶೇಕಡಾ ಒಂಬತ್ತೂವರೆಯ ಬಡ್ಡಿಗೆ ತಂದನೆಂದು ಇಟ್ಟುಕೊಂಡರೆ ತಿಂಗಳಿಗೆ ಸುಮಾರು 5,700 ರೂಪಾಯಿ ಕಂತು, ಬಡ್ಡಿಯೊಂದೇ 1,30,000. ಸಂಬಳದವನಿಗೆ ಇದಾದರೂ ಸಿಕ್ಕೀತು. ಟೊಮ್ಯಾಟೊ ಬೆಳೆಯುವವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಒಂದು ತಿಂಗಳು ಬುಟ್ಟಿಗೆ ಚಿನ್ನದ ಬೆಲೆ, ಇನ್ನೊಂದು ತಿಂಗಳು ರಸ್ತೆಗೆ ಸುರಿಯುವ ಗತಿ. ಗೂಡಿನ ಮಾರುಕಟ್ಟೆಯಲ್ಲಿ ತೂಕವೂ ದರವೂ ಸರಕಾರದ ಪುಸ್ತಕದಲ್ಲಿಯೇ ಬರೆಯಲ್ಪಡುತ್ತವೆ; ಆದರೂ ಆ ದಾಖಲೆಯನ್ನು ವರಮಾನದ ಸಾಕ್ಷಿಯೆಂದು ಹಿಡಿದು ಹೋದವನನ್ನು ಬ್ಯಾಂಕಿನವರು ಸಂಶಯದಿಂದಲೇ ನೋಡುತ್ತಾರೆಂಬ ದೂರನ್ನು ನಾವು ಅನೇಕ ಸಲ ಕೇಳಿದ್ದೇವೆ.

ನಮ್ಮ ಪರಿಚಿತರಾದ ಉಪಾಧ್ಯಾಯರೊಬ್ಬರು ಈಚೆಗೆ ಕಾರಿನ ಅಂಗಡಿಯೊಂದಕ್ಕೆ ಹೋಗಿ ಅತ್ಯಂತ ಕಡಿಮೆ ಬೆಲೆಯ ಮಾದರಿಯನ್ನು ಕೇಳಿದರು. “ಅದನ್ನ ಯಾರೂ ತಗೊಳ್ಳಲ್ಲ ಮೇಷ್ಟ್ರೇ, ತರಿಸಬೇಕು, ಲೇಟಾಗುತ್ತೆ, ಇದನ್ನ ನೋಡಿ ಸಾರ್” ಎಂದು ಅಲ್ಲಿಯ ಯುವಕನು ಎರಡು ಲಕ್ಷ ಹೆಚ್ಚಿನ ಗಾಡಿಯ ಬಾಗಿಲನ್ನು ತೆರೆದನಂತೆ. ಮೇಷ್ಟರು ನಮಸ್ಕಾರ ಹೇಳಿ ಹೊರಬಂದರು. ತಿಂಗಳಾದ ಮೇಲೆ, ಬೆಂಗಳೂರಿನಲ್ಲಿ ಹತ್ತು ವರ್ಷ ಓಡಿದ ಹಳೆಯ ಗಾಡಿಯೊಂದನ್ನು ಕೊಂಡು ತಂದರು. ಹೊಸ ನಿಯಮಗಳ ಹೊಗೆಯ ಕಟ್ಟುಪಾಡೂ ಗಾಳಿಚೀಲಗಳ ರಕ್ಷಣೆಯೂ ಅದಕ್ಕಿಲ್ಲ.

ಮುಂದಿನ ಆಯವ್ಯಯ ಪತ್ರವನ್ನು ಸಿದ್ಧಪಡಿಸುವ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಐದು ಲಕ್ಷಕ್ಕೆ ಒಳಪಟ್ಟ ಗಾಡಿಯನ್ನು, ಮನೆಯಲ್ಲಿ ಬೇರೆ ಕಾರಿಲ್ಲದವನು ಮೊದಲ ಸಲ ಕೊಂಡಾಗ, ಜೀವಾವಧಿ ತೆರಿಗೆಯನ್ನು ಅರ್ಧಕ್ಕಾದರೂ ಇಳಿಸಲಿ, ಗೂಡಿನ ಮಾರುಕಟ್ಟೆಯ ಮತ್ತು ಮಂಡಿಯ ದಾಖಲೆಗಳನ್ನು ಮಾನ್ಯಮಾಡುವಂತೆ ಬ್ಯಾಂಕುಗಳೊಡನೆ ಮಾತನಾಡಲಿ. ಇಂತಹ ಗಾಡಿಗಳು ಈಗ ಮಾರಾಟವಾಗುತ್ತಿರುವುದೇ ಅತ್ಯಲ್ಪವಾಗಿರುವುದರಿಂದ ಬೊಕ್ಕಸಕ್ಕೆ ಆಗುವ ನಷ್ಟವು ದೊಡ್ಡದಾಗಲಾರದು.