ಗರ್ಭಕಂಠದ ಕ್ಯಾನ್ಸರ್: ವಿಟಮಿನ್ ಮಾತ್ರೆ ತಡೆದೀತೆ?

ಸೊಪ್ಪು, ಹಣ್ಣು ಹೆಚ್ಚಾಗಿ ಸೇವಿಸಿ, ಜತೆಗೊಂದು ವಿಟಮಿನ್ ಮಾತ್ರೆ ನುಂಗಿದರೆ ಗರ್ಭಕಂಠದ ಕ್ಯಾನ್ಸರ್ ಬಾರದೆಂಬ ಮಾತು ಆಗಾಗ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶ ಎಷ್ಟು? 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರು ಈ ರೋಗಕ್ಕೆ ತುತ್ತಾದರು. ಸುಮಾರು 80 ಸಾವಿರ ಮಂದಿ ಅಸುನೀಗಿದರು.

ರೋಗದ ಮೂಲ ಪೌಷ್ಟಿಕಾಂಶದ ಕೊರತೆಯಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ). ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸೋಂಕು ತಗುಲಿದ ಬಹುಪಾಲು ಮಹಿಳೆಯರಲ್ಲಿ ದೇಹವೇ ಒಂದೆರಡು ವರ್ಷಗಳಲ್ಲಿ ವೈರಸ್ಸನ್ನು ಹೊರದೂಡುತ್ತದೆ. ಹಾಗೆ ಹೋಗದೆ ಉಳಿದಾಗ ಅಪಾಯ. ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15-20 ವರ್ಷ ಬೇಕು.

ಫೋಲಿಕ್ ಆಮ್ಲದ ಮೇಲಿನ ಭರವಸೆಗೆ ಒಂದು ಹಿನ್ನೆಲೆಯಿದೆ. 1982ರಲ್ಲಿ ಅಮೆರಿಕದ ವೈದ್ಯ ಬಟರ್‌ವರ್ತ್ ಮತ್ತು ಸಂಗಡಿಗರು, ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದ 47 ಮಹಿಳೆಯರನ್ನು ಅಧ್ಯಯನಕ್ಕೆ ಒಳಪಡಿಸಿದರು. ಅವರಲ್ಲಿ ಕೆಲವರಿಗೆ ನಿತ್ಯ 10 ಮಿಲಿಗ್ರಾಂ ಫೋಲಿಕ್ ಆಮ್ಲ ನೀಡಲಾಯಿತು. ಗರ್ಭಕಂಠದ ಜೀವಕೋಶಗಳಲ್ಲಿ ಸುಧಾರಣೆ ಕಂಡಿತು. ಆದರೆ 1992ರಲ್ಲಿ ಅದೇ ತಂಡ 235 ಮಹಿಳೆಯರ ಮೇಲೆ ಪ್ರಯೋಗಿಸಿದಾಗ ಮಾತ್ರೆಯಿಂದ ಪ್ರಯೋಜನವಾಗಲಿಲ್ಲ. ರಕ್ತದಲ್ಲಿ ಫೋಲೇಟ್ ಕಡಿಮೆ ಇದ್ದವರಲ್ಲಿ ಮಾತ್ರ ವೈರಸ್ಸಿನ ಹಾವಳಿ ಹೆಚ್ಚೆಂದು ಕಂಡುಬಂತು. ಕೊರತೆ ಇರಬಾರದು, ನಿಜ. ಹಾಗೆಂದು ಹೆಚ್ಚುವರಿ ಮಾತ್ರೆ ರಕ್ಷಾಕವಚವಾಗದು. ಬೀಟಾ ಕ್ಯಾರೋಟಿನ್ ಮಾತ್ರೆಯಂತೂ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನೇ ಹೆಚ್ಚಿಸಿತೆಂದು 1994ರ ಫಿನ್ಲೆಂಡ್ ಅಧ್ಯಯನ ಹೇಳಿತು.

ಹೆಸರುಕಾಳು, ಕಡಲೆ, ಪಾಲಕ್, ಕಿತ್ತಳೆಗಳಲ್ಲಿ ಫೋಲೇಟ್ ಸಾಕಷ್ಟಿದೆ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದರ ಬಹುಭಾಗ ನಷ್ಟ. ಇವೆಲ್ಲ ಆರೋಗ್ಯಕ್ಕೆ ಒಳ್ಳೆಯವೇ, ಆದರೆ ತಪಾಸಣೆಗೆ ಬದಲಿಯಲ್ಲ.

ತಪಾಸಣೆಯ ಫಲ ಎಷ್ಟೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ (ಈಗ ಧಾರಾಶಿವ) ಸಾಕ್ಷಿ. ಅಲ್ಲಿ 30ರಿಂದ 59 ವರ್ಷದ 1.3 ಲಕ್ಷ ಗ್ರಾಮೀಣ ಮಹಿಳೆಯರನ್ನು ಒಳಗೊಂಡ ಅಧ್ಯಯನದ ವರದಿ 2009ರಲ್ಲಿ ಪ್ರಕಟವಾಯಿತು. ಒಮ್ಮೆ ಎಚ್‌ಪಿವಿ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಲಸಿಕೆಗೆ 9ರಿಂದ 14 ವರ್ಷ ಸೂಕ್ತ ವಯಸ್ಸು. ಭಾರತದಲ್ಲೇ ತಯಾರಾದ 'ಸರ್ವಾವ್ಯಾಕ್' 2023ರಲ್ಲಿ ಮಾರುಕಟ್ಟೆಗೆ ಬಂದಿದೆ. ಲಸಿಕೆ ಪಡೆದವರೂ 30 ದಾಟಿದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ನಂತರ ಅಥವಾ ಸಂಭೋಗದ ಬಳಿಕ ರಕ್ತಸ್ರಾವವಾದರಂತೂ ತಡಮಾಡದೆ ವೈದ್ಯರನ್ನು ಕಾಣುವುದು ಅವಶ್ಯ.