ಕಾವಲುಗಾರನ ಹೆಗಲಿಗೆ ಗಡಿಯಾರ: ನಿದ್ದೆ ಹಿಡಿಯಲೋ, ನಿಯತ್ತು ಕಾಯಲೋ?

ತುಮಕೂರು: ರಾತ್ರಿ ಹತ್ತು ಹೊಡೆಯಿತೆಂದರೆ ಮಂಡಿಪೇಟೆಯಲ್ಲಿ ಶಟರ್‌ಗಳು ಒಂದರ ಹಿಂದೊಂದು ಕೆಳಗಿಳಿಯುತ್ತವೆ. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಹೊಸ್ತಿಲಿಗೆ ಕೈಮುಗಿದು ಮನೆ ಕಡೆ ಗಾಡಿ ತಿರುಗಿಸುವ ಅಂಗಡಿಯವರ ತಲೆಯಲ್ಲಿ ಉಳಿಯುವ ಪ್ರಶ್ನೆ ಒಂದೇ: "ವಾಚ್‌ಮನ್ ಇವತ್ತಾದ್ರೂ ಎದ್ದಿರ್ತಾನೋ ಇಲ್ಲವೋ?"

ಗುಬ್ಬಿ ಕಡೆ ಹೋದರೆ ಅಡಿಕೆ, ಕೊಬ್ಬರಿ ತುಂಬಿಟ್ಟವರದೂ ಇದೇ ಚಿಂತೆ. ಕುಣಿಗಲ್‌ನ ಅಂಚೆಪಾಳ್ಯದ ಕೈಗಾರಿಕಾ ಪ್ರದೇಶದಲ್ಲಿ ಕಾಂಪೌಂಡು ಹಾಕಿಕೊಂಡವರದೂ ಇದೇ ಚಿಂತೆ. ಬೆಳಿಗ್ಗೆ ಕೇಳಿದರೆ "ರಾತ್ರಿಯೆಲ್ಲಾ ಸುತ್ತಿದೀನಿ ಸಾ" ಎಂಬ ಉತ್ತರ ತಯಾರಾಗಿರುತ್ತದೆ. ನಂಬಿದರೆ ನಂಬಬೇಕು, ಬಿಟ್ಟರೆ ಬಿಡಬೇಕು. ನೋಡಿದವರು ಯಾರು?

ಹಾಗೆ ನೋಡುವುದಕ್ಕೆಂದೇ ಒಂದು ಗಡಿಯಾರ ಹುಟ್ಟಿತು. ಅದರ ಕಥೆ ಕೇಳಿದರೆ ಕಾವಲುಗಾರನಿಗೂ, ಸಂಬಳ ಕೊಡುವವನಿಗೂ ತಿಳಿದುಕೊಳ್ಳುವುದು ಬಹಳಷ್ಟಿದೆ.

ಖಜಾನೆ ಗಂಟೆಯ ಕಾಲ

ಗಡಿಯಾರಕ್ಕೆ ಮೊದಲು ಬೇರೆ ಉಪಾಯಗಳಿದ್ದವು. ಖಜಾನೆ, ಜೈಲು, ಪೊಲೀಸ್ ಲೈನುಗಳಲ್ಲಿ ಪಾರಾ ಇದ್ದವನು ಗಂಟೆಗೊಮ್ಮೆ ಕಂಚಿನ ತಟ್ಟೆಗೆ ಕೊಡತಿಯಲ್ಲಿ ಹೊಡೆಯಬೇಕಿತ್ತು. ಊರಿಗೆ ಹೊತ್ತು ತಿಳಿಯುತ್ತಿತ್ತು, ಜತೆಗೆ ಪಾರಾದವನು ಎಚ್ಚರವಾಗಿದ್ದಾನೆ ಎಂಬುದೂ ತಿಳಿಯುತ್ತಿತ್ತು. ಎರಡರ ಗಂಟೆ ಕೇಳಿ ಮೂರರ ಗಂಟೆ ಕೇಳಲಿಲ್ಲವೆಂದರೆ ಆಸಾಮಿ ಮಲಗಿದ ಎಂದೇ ಅರ್ಥ.

ಪೇಟೆ ಬೀದಿಗಳಲ್ಲಿ ಆ ಕೆಲಸವನ್ನು ಗೂರ್ಖಾನ ಕೋಲು ಮತ್ತು ಸೀಟಿ ಮಾಡಿದವು. ಸಿಮೆಂಟು ರಸ್ತೆಗೆ ಕೋಲು ಕುಟ್ಟಿದ ಸದ್ದು ಕೇಳಿ ಮಹಡಿ ಮೇಲಿದ್ದ ಯಜಮಾನರು ಮಗ್ಗುಲು ಬದಲಿಸಿ ಮಲಗಿದರು. ತಿಂಗಳಿಗೊಮ್ಮೆ ಅಂಗಡಿ ಅಂಗಡಿಗೂ ಬಂದು ಸಲಾಮು ಹೊಡೆದು ಕಾಸು ಇಸಿದುಕೊಂಡು ಹೋದ. ಆದರೆ ಈ ಸದ್ದಿನಲ್ಲೊಂದು ತೊಡಕಿದೆ. ಕಾವಲುಗಾರ ಎಲ್ಲಿದ್ದಾನೆಂದು ಯಜಮಾನನಿಗೆ ತಿಳಿಸುವ ಸೀಟಿ ಕಳ್ಳನಿಗೂ ಅದನ್ನೇ ತಿಳಿಸುತ್ತದೆ.

ಮೊಳೆ ಒತ್ತಿದವನೇ ಎಚ್ಚರಿದ್ದವನು

ಇಂಗ್ಲೆಂಡಿನ ಡರ್ಬಿ ಊರಿನಲ್ಲಿ ಜಾನ್ ವೈಟ್‌ಹರ್ಸ್ಟ್ ಎಂಬ ಗಡಿಯಾರದ ಕಸುಬುದಾರನಿದ್ದ. 1750ರ ಸುಮಾರಿಗೆ ಆತ ಕಾವಲುಗಾರರಿಗೆಂದೇ ಒಂದು ಗಡಿಯಾರ ಕಟ್ಟಿದ. ಅದರಲ್ಲಿ ಒಂದು ಬಿಲ್ಲೆ ಸುತ್ತುತ್ತಿತ್ತು, ಬಿಲ್ಲೆಯ ಅಂಚಿನಲ್ಲಿ ಸಾಲಾಗಿ ಮೊಳೆಗಳಿದ್ದವು. ಆಯಾ ಹೊತ್ತಿಗೆ ಕಾವಲುಗಾರ ಬಂದು ಹಿಡಿ ಎಳೆದರೆ ಆ ಹೊತ್ತಿನ ಮೊಳೆ ಒಳಗೆ ಹೋಗುತ್ತಿತ್ತು. ಹೊತ್ತು ಮೀರಿದ ಮೇಲೆ ಬಂದು ಎಷ್ಟು ಎಳೆದರೂ ಆ ಮೊಳೆ ಸಿಕ್ಕುತ್ತಿರಲಿಲ್ಲ. ಬೆಳಿಗ್ಗೆ ಯಜಮಾನ ನೋಡಿದರೆ ಒತ್ತದ ಮೊಳೆಗಳೇ ಚಾಡಿ ಹೇಳುತ್ತಿದ್ದವು.

ಆದರೆ ಅದು ಒಂದೇ ಕಡೆ ನಿಲ್ಲಿಸಿದ ಗಡಿಯಾರ. ಕಾವಲುಗಾರ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಹೊತ್ತಿಗೆ ಸರಿಯಾಗಿ ಎಳೆದು, ಮತ್ತೆ ಕಣ್ಣು ಮುಚ್ಚಬಹುದಿತ್ತು. ಹಿತ್ತಲ ಗೋಡೆ ಕಡೆ ಹೋಗಿದ್ದನೇ ಎಂಬುದಕ್ಕೆ ಸಾಕ್ಷಿ ಇರಲಿಲ್ಲ.

ಇದಕ್ಕೆ ಪರಿಹಾರ ಸಿಕ್ಕಿದ್ದು ಜರ್ಮನಿಯಲ್ಲಿ. ಶ್ವೆನ್ನಿಂಗನ್ ಎಂಬ ಊರಿನ ಯೊಹಾನೆಸ್ ಬ್ಯೂರ್ಕ್ 1855ರಲ್ಲಿ ಹೆಗಲಿಗೆ ನೇತುಹಾಕಿಕೊಂಡು ಹೋಗುವ ಗಡಿಯಾರ ಮಾಡಿದ. ಇದರಲ್ಲಿ ಲೆಕ್ಕ ತಿರುಗಿತು. ಗಡಿಯಾರ ಕಾವಲುಗಾರನ ಹತ್ತಿರ, ಕೀಲಿಕೈಗಳು ಗೋಡೆಯ ಹತ್ತಿರ. ಕಾಂಪೌಂಡಿನ ಒಂದೊಂದು ಮೂಲೆಯಲ್ಲೂ ಒಂದೊಂದು ಕೀಲಿಕೈಯನ್ನು ಸರಪಣಿ ಹಾಕಿ ಕಟ್ಟಿರುತ್ತಾರೆ. ಒಂದೊಂದಕ್ಕೂ ಬೇರೆ ಗುರುತು. ಕಾವಲುಗಾರ ಅಲ್ಲಿಗೇ ಹೋಗಿ ಆ ಕೀಲಿಕೈಯನ್ನು ಗಡಿಯಾರಕ್ಕೆ ತೂರಿಸಿ ತಿರುಗಿಸಿದರೆ, ಒಳಗೆ ಸುತ್ತುತ್ತಿರುವ ಕಾಗದದ ಮೇಲೆ ಆ ಗುರುತು ಒತ್ತಿಕೊಳ್ಳುತ್ತದೆ. ಯಾವ ಮೂಲೆಗೆ ಎಷ್ಟು ಹೊತ್ತಿಗೆ ಹೋದ ಎಂಬುದು ಕಾಗದದ ಮೇಲೆ ಕೂತುಬಿಡುತ್ತದೆ.

ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾದೀತು. ಕಂಡಕ್ಟರ್ ಸ್ಟ್ಯಾಂಡಿನಲ್ಲಿ ಇಳಿದು ಕಂಟ್ರೋಲರ್ ಹತ್ತಿರ ಓಡಿ ಟೈಮ್ ಹಾಕಿಸಿಕೊಂಡು ಬರುತ್ತಾನಲ್ಲ, ಅದೇ ಪದ್ಧತಿ. ಇಲ್ಲಿ ಕಂಟ್ರೋಲರ್ ಜಾಗದಲ್ಲಿ ಗೋಡೆಗೆ ಕಟ್ಟಿದ ಕಬ್ಬಿಣದ ಕೀಲಿಕೈ, ಅಷ್ಟೇ ವ್ಯತ್ಯಾಸ.

ಕೈಗಡಿಯಾರವೇ ಬೇರೆ, ಇದೇ ಬೇರೆ

ಗಡಿಯಾರದ ಮರ್ಯಾದೆ ತುಮಕೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇದ್ದ ಊರಿದು. ಮದುವೆಗೆ ವಾಚು, ನೌಕರಿ ಸಿಕ್ಕಿದರೆ ವಾಚು ಎಂದು ಒಂದು ತಲೆಮಾರು ಬದುಕಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು, ಇಲ್ಲಿನ ಜಾಗ ಇಸ್ರೋ ಪಾಲಾಯಿತು.

ಆದರೆ ಕೈಗಡಿಯಾರ ಕಟ್ಟಿಕೊಂಡವನಿಗೆ ಹೊತ್ತು ಹೇಳುತ್ತದೆ. ಕಾವಲು ಗಡಿಯಾರ ಹೊತ್ತುಕೊಂಡವನ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುತ್ತದೆ. ಹೀಗಾಗಿಯೇ ಅದನ್ನು ಮೋಸ ಮಾಡುವ ಆಸೆ ಹುಟ್ಟುತ್ತದೆ.

ಚಾಪೆ ಕೆಳಗೆ, ರಂಗೋಲಿ ಕೆಳಗೆ

ಮೊದಲ ಉಪಾಯ ಮುಚ್ಚಳ ತೆಗೆದು ಕಾಗದ ತಿದ್ದುವುದು. ತಯಾರಿಸಿದವರು ಅದಕ್ಕೆ ಬೀಗ ಹಾಕಿದರು. ಬೀಗದ ಕೀ ಯಜಮಾನನ ಹತ್ತಿರ. ಅದೂ ಸಾಲದೆಂದು, ಮುಚ್ಚಳ ಯಾರೇ ತೆಗೆಯಲಿ, ಎಷ್ಟು ಸಲವೇ ತೆಗೆಯಲಿ, ಕಾಗದದ ಮೇಲೆ ತಾನಾಗಿಯೇ ಒಂದು ಗುರುತು ಬೀಳುವಂತೆ ಮಾಡಿದರು. ಗಡಿಯಾರ ತೆರೆಯುವುದನ್ನು ಪೂರಾ ತಡೆಯಲಾಗದು, ಆದರೆ ತೆರೆದದ್ದನ್ನು ಮುಚ್ಚಿಡಲೂ ಆಗದು.

ಎರಡನೆಯದು ಸರಪಣಿ ಕಿತ್ತು ಎಲ್ಲ ಕೀಲಿಕೈಗಳನ್ನೂ ಒಂದೇ ರೂಮಿಗೆ ತರುವುದು. ಆಮೇಲೆ ಹೀಟರ್ ಪಕ್ಕ ಕೂತು ಹತ್ತು ಮೂಲೆಗಳ ಗಸ್ತನ್ನೂ ಮುಗಿಸಬಹುದು! ಅದಕ್ಕೆ ಕೀಲಿಕೈಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ಬಿಗಿದು ಮೊಹರು ಮಾಡಿದರು. ಮೂರನೆಯದು ನಕಲಿ ಕೀಲಿಕೈ. ಇದನ್ನು ಹಿಡಿಯಲು ಕಾಗದವನ್ನೇ ಓದಬೇಕು. ಹಿಂದಿನ ಗೇಟಿನಿಂದ ಮುಂದಿನ ಗೇಟಿಗೆ ಆರು ನಿಮಿಷದ ದಾರಿಯಿದ್ದು, ಕಾಗದದಲ್ಲಿ ಎರಡೂ ಗುರುತು ಒಂದೇ ನಿಮಿಷದಲ್ಲಿ ಬಿದ್ದಿದ್ದರೆ ಆಸಾಮಿ ನಡೆದಿಲ್ಲ ಎಂದೇ ಲೆಕ್ಕ.

ಈ ಗಡಿಯಾರದ ಹಿಂದೆ ಕಳ್ಳರ ಭಯ ಮಾತ್ರವಲ್ಲ, ಬೆಂಕಿಯ ಭಯವೂ ಇತ್ತು. ಹತ್ತಿ ಗಿರಣಿ, ಮರದ ಗೋದಾಮುಗಳಿಗೆ ವಿಮೆ ಮಾಡುವ ಪರದೇಶದ ಕಂಪನಿಗಳು ರಾತ್ರಿ ಗಸ್ತಿಗೆ ದಾಖಲೆ ಕೇಳತೊಡಗಿದವು. ಗೋಣಿಚೀಲ, ಕೊಬ್ಬರಿ, ಎಣ್ಣೆ ಡಬ್ಬ ಒಟ್ಟಿಗೆ ಪೇರಿಸಿಡುವ ನಮ್ಮ ಪೇಟೆಗಳಿಗೆ ಇದು ದೂರದ ಮಾತಲ್ಲ. ಹಳೆ ವೈರಿನ ಒಂದು ಕಿಡಿ ಶುರುವಿನಲ್ಲೇ ಕಂಡರೆ ಒಂದು ಬಕೆಟ್ ಮರಳಿನಲ್ಲಿ ಮುಗಿಯುತ್ತದೆ, ಒಂದು ಗಂಟೆ ಬಿಟ್ಟು ಕಂಡರೆ ಸಾಲು ಅಂಗಡಿಗಳೇ ಹೋಗುತ್ತವೆ.

ಈಗ ಬಿಲ್ಲೆ, ಮೊಬೈಲು

ಈಗ ಕಾಗದದ ಜಾಗಕ್ಕೆ ಎಲೆಕ್ಟ್ರಾನಿಕ್ ಬಿಲ್ಲೆ ಬಂದಿದೆ. ಗೋಡೆಯಲ್ಲಿ ನಾಣ್ಯದಷ್ಟು ದೊಡ್ಡ ಬಿಲ್ಲೆ, ಕಾವಲುಗಾರನ ಕೈಯಲ್ಲಿ ಟಾರ್ಚಿನಂಥ ಸಾಧನ. ಮುಟ್ಟಿಸಿದರೆ ಜಾಗ, ಹೊತ್ತು ಎರಡೂ ದಾಖಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಷ್ಟಗಲದ ಜಾಗವನ್ನು ಕಾಯುವುದೆಂದರೆ ಕೋಲು, ಸೀಟಿಯ ಮಾತಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ.

ಇನ್ನೂ ಅಗ್ಗದ ದಾರಿ ಮೊಬೈಲಿನದು. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ, ಕಾವಲುಗಾರ ಫೋನಿನಲ್ಲಿ ಸ್ಕ್ಯಾನ್ ಮಾಡುವುದು. ಕಾಕಾ ಅಂಗಡಿಯಲ್ಲಿ ಟೀ ಕುಡಿದು ದುಡ್ಡು ಕೊಟ್ಟಷ್ಟೇ ಸುಲಭ. ಮೋಸವೂ ಅಷ್ಟೇ ಸುಲಭ. ಎಲ್ಲ ಕೋಡುಗಳಿಗೂ ಒಮ್ಮೆ ಫೋಟೊ ಹೊಡೆದುಕೊಂಡರೆ ಮನೆಯಲ್ಲೇ ಮಲಗಿ ಸ್ಕ್ಯಾನ್ ಮಾಡಬಹುದು. ಹಳೆಯ ಕೀಲಿಕೈಗಳನ್ನು ಒಂದೇ ರೂಮಿಗೆ ತಂದ ಕಥೆಯೇ ಹೊಸ ಅಂಗಿ ತೊಟ್ಟು ಬಂದಿದೆ. ಹೀಗಾಗಿ ಫೋನು ಎಲ್ಲಿದೆ ಎಂದು ಜಿಪಿಎಸ್‌ನಿಂದ ತಾಳೆ ನೋಡುವ ವ್ಯವಸ್ಥೆ ಬೇಕು. ಬರೀ ಕೋಡು ಅಂಟಿಸಿ "ಹೈಟೆಕ್ ಸೆಕ್ಯುರಿಟಿ" ಎಂದು ಬಿಲ್ ಮಾಡುವವರನ್ನು ಅಂಗಡಿಯವರು ಈ ಒಂದು ಪ್ರಶ್ನೆ ಕೇಳಿದರೆ ಸಾಕು.

ಮೊದಲ ಅನುಮಾನ ಯಾರ ಮೇಲೆ?

ಇಷ್ಟೆಲ್ಲಾ ಕೇಳಿದರೆ ಗಡಿಯಾರ ಯಜಮಾನನ ಪಕ್ಷ ಎಂದು ಅನ್ನಿಸಬಹುದು. ಕಾವಲುಗಾರರೂ ಹಾಗೇ ತಿಳಿಯುತ್ತಾರೆ. ಇಲ್ಲೇ ಎರಡೂ ಕಡೆಯವರು ಎಡವುವುದು.

ಒಂದು ರಾತ್ರಿ ಅಂಗಡಿಗೆ ಕನ್ನ ಬಿತ್ತು ಎನ್ನಿ. ಬೆಳಿಗ್ಗೆ ಮೊದಲು ಕರೆಸುವುದು ಯಾರನ್ನು? ವಾಚ್‌ಮನ್‌ನನ್ನೇ. "ನೀನೇ ದಾರಿ ತೋರಿಸಿರಬೇಕು" ಎಂಬ ಮಾತು ಮೊದಲು ಬರುತ್ತದೆ, ವಿಚಾರಣೆ ಆಮೇಲೆ. ಊರು ಬಿಟ್ಟು ಬಂದ, ತನ್ನವರು ಅಂತ ಹತ್ತಿರ ಯಾರೂ ಇಲ್ಲದ ಮನುಷ್ಯ "ನಾನು ಸುತ್ತುತ್ತಲೇ ಇದ್ದೆ ಸಾ" ಎಂದರೆ ಕೇಳುವವರಿಲ್ಲ. ಆಗ ಎರಡೂವರೆಗೆ ಹಿಂದಿನ ಗೇಟು, ಎರಡು ಮುಕ್ಕಾಲಿಗೆ ಗೋದಾಮು ಎಂದು ಒತ್ತಿಕೊಂಡ ಕಾಗದವೊಂದೇ ಅವನ ಸಾಕ್ಷಿ.

ಆ ಸಾಕ್ಷಿ ನಿಲ್ಲಬೇಕಾದರೆ ಒಂದು ಷರತ್ತಿದೆ. ಕಾಗದವನ್ನು ಕಾವಲುಗಾರ ತಿದ್ದುವಂತಿರಬಾರದು, ಯಜಮಾನನೂ ತಿದ್ದುವಂತಿರಬಾರದು, ಆಳು ಕಳಿಸುವ ಏಜೆನ್ಸಿಯಂತೂ ತಿದ್ದಲೇಬಾರದು. ಗಸ್ತು ನಡೆದರೆ ತಾನೇ ಏಜೆನ್ಸಿಗೆ ಬಿಲ್ಲು? ಬಿಲ್ಲು ಬರೆಯುವವನ ಕೈಯಲ್ಲೇ ದಾಖಲೆಯನ್ನೂ ಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಕಾನೂನಿನ ಒಂದು ಸಂದು

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಆದರೆ ಕಾವಲು ಸಿಬ್ಬಂದಿಯನ್ನು ಈ ಮಿತಿಯಿಂದ ಹೊರಗಿಟ್ಟಿತು. ಕಾರಣ? ಅವರದು ಬಿಟ್ಟು ಬಿಟ್ಟು ಮಾಡುವ ಕೆಲಸವಂತೆ. ಡ್ರೈವರ್‌ಗಳ ಸಾಲಿನಲ್ಲೇ ಅವರನ್ನೂ ಕೂರಿಸಿತು.

ಅತ್ತ ಕಾನೂನು "ನಿನ್ನದು ನಡುನಡುವೆ ಬಿಡುವಿರುವ ಕೆಲಸ" ಎನ್ನುತ್ತದೆ. ಇತ್ತ ಗಡಿಯಾರ "ಗಂಟೆಗೊಮ್ಮೆ ಹತ್ತು ಮೂಲೆಗೆ ಬಾ" ಎನ್ನುತ್ತದೆ. ಸಂಜೆ ಏಳಕ್ಕೆ ಬಂದವನು ಬೆಳಿಗ್ಗೆ ಏಳಕ್ಕೆ ಹೋಗುತ್ತಾನೆ, ವಾರದ ರಜೆ ಹಲವರಿಗೆ ಇಲ್ಲ. ಹಗಲು ಇನ್ನೊಂದು ಕೆಲಸ ಮಾಡುವವರೂ ಉಂಟು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಬಂದ ಮೇಲೆ ಕೇಂದ್ರದ 2006ರ ಮಾದರಿ ನಿಯಮಗಳು ಹೊಸಬನಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಎಂದು ಬರೆದವು. ತರಬೇತಿ ಎಷ್ಟೇ ಇರಲಿ, ಬೆಳಗಿನ ಜಾವ ಮೂರರಿಂದ ಐದರ ನಡುವೆ ಮನುಷ್ಯನ ಮೈ ತಾನಾಗಿಯೇ ಜಗ್ಗುತ್ತದೆ. ಎಚ್ಚರ ತೀರಾ ಕೆಳಗಿಳಿಯುವ ಹೊತ್ತು ಅದು. ಗಡಿಯಾರದ ಕಾಗದದಲ್ಲಿ ಆ ಹೊತ್ತು ಖಾಲಿ ಬಿದ್ದರೆ ಅದು ಬರೀ ಸೋಮಾರಿತನದ ಲೆಕ್ಕವಲ್ಲ, ಪಾಳಿ ಹಂಚಿದವರ ಲೆಕ್ಕವೂ ಹೌದು.

ಗಡಿಯಾರಕ್ಕೆ ಕಾಣದ್ದು

ಗಡಿಯಾರಕ್ಕೂ ಒಂದು ಮಿತಿಯಿದೆ. ಕುಣಿಗಲ್ ಎಂದರೆ ಹೈದರ್, ಟಿಪ್ಪು ಕಾಲದಿಂದ ಕುದುರೆ ಫಾರಂಗೆ ಹೆಸರು. ಹೆಣ್ಣು ಕುದುರೆ ಸುಮಾರು 11 ತಿಂಗಳು ಗಬ್ಬವಿದ್ದು ಹೆಚ್ಚಾಗಿ ರಾತ್ರಿ ಹೊತ್ತಲ್ಲೇ ಈಯುತ್ತದೆ. ಅಂಥ ಲಾಯದಲ್ಲಿ ರಾತ್ರಿ ಕಾಯುವವನು ಬಾಗಿಲಿಗೆ ಹೋಗಿ ಗುರುತು ಒತ್ತಿ ಬಂದರೆ ಸಾಲದು. ಕುದುರೆ ಬೆವರಿದೆಯೇ, ಮಲಗಿ ಏಳುತ್ತಿದೆಯೇ ಎಂದು ನೋಡಬೇಕು. ಗಡಿಯಾರ ಹೇಳುವುದು ಕಾಲು ಎಲ್ಲಿಗೆ ಹೋಯಿತು ಎಂಬುದನ್ನು. ಕಣ್ಣು ಏನು ಕಂಡಿತು ಎಂಬುದನ್ನು ಅದು ಹೇಳದು. ಅದಕ್ಕೆ ಕಾವಲುಗಾರನಿಗೇ ಕೆಲಸದ ಮೇಲೆ ಮನಸ್ಸಿರಬೇಕು.

ಅಂಗಡಿಯವರು ಮಾಡಬಹುದಾದ್ದು

ಒಬ್ಬೊಬ್ಬರೇ ಈ ಸಾಧನ ತರಿಸುವುದು ದುಬಾರಿ ಅನ್ನಿಸಿದರೆ ಒಂದು ಬೀದಿಯ ಅಂಗಡಿಗಳು ಸೇರಿ ತರಿಸಬಹುದು. ಹಾಕುವಾಗ ನಾಲ್ಕು ಮಾತು ನೆನಪಿಡಬೇಕು.

ಗಸ್ತಿನ ಹೊತ್ತು ದಿನಾ ಒಂದೇ ಆಗಿರಬಾರದು. ಸರಿಯಾಗಿ ಎರಡಕ್ಕೆ ಮುಂದೆ, ಎರಡೂಕಾಲಿಗೆ ಹಿಂದೆ ಎಂದು ಗೊತ್ತಾದರೆ ಕಳ್ಳ ಎರಡೂಕಾಲಿಗೆ ಮುಂದೆ ಬರುತ್ತಾನೆ. ದಾಖಲೆಯನ್ನು ದಿನಾ ಬೆಳಿಗ್ಗೆ ಒಬ್ಬರು ನೋಡಬೇಕು. ಕನ್ನ ಬಿದ್ದ ಮೇಲೆ ನೋಡುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದರ ಒಂದು ಪ್ರತಿ ಕಾವಲುಗಾರನಿಗೂ ಸಿಗಬೇಕು. ಇನ್ನು, ಸುತ್ತುವವನಿಗೆ ಮಳೆಗೊಂದು ಕೋಟು, ಒಳ್ಳೆ ಟಾರ್ಚು, ಕುಡಿಯಲು ನೀರು, ಗಸ್ತಿನ ನಡುವೆ ಕೂರಲೊಂದು ಜಾಗ ಕೊಡಬೇಕು.

ಕಾಗದದಲ್ಲಿ ಮೂರು ಗಂಟೆಯ ಗುರುತು ಕಾಣಲಿಲ್ಲ ಎಂದಾಗ ಸಂಬಳ ಮುರಿಯುವ ಮೊದಲು "ಯಾಕಪ್ಪಾ, ಮೈಗೆ ಹುಷಾರಿರಲಿಲ್ವಾ?" ಎಂದು ಒಂದು ಮಾತು ಕೇಳುವುದಕ್ಕೆ ದುಡ್ಡು ಖರ್ಚಾಗುವುದಿಲ್ಲ.