ಗಂಟಲು ಕಟ್ಟಿದ ಪದ್ಮಿನಿ

ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿ ಶೆಡ್ಡಿನಲ್ಲಿ ನಿಂತಿದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಎರಡು ಸಲ ಕೆಮ್ಮುತ್ತದೆ, ಆಮೇಲೆ ಸುಮ್ಮನಾಗುತ್ತದೆ. ‘ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಸಬೇಕು’ ಎಂದು ಒಬ್ಬರು ಹೇಳಿದರೆ, ‘ಸುಮ್ಮನೆ ಗುಜರಿಗೆ ಕೊಟ್ಟುಬಿಡಿ’ ಎಂದು ಇನ್ನೊಬ್ಬರು. ಹಳೆಯ ಕಾರು ಉಳಿಸಿಕೊಂಡ ಮನೆಗಳಲ್ಲಿ ಈ ಎರಡೂ ಸಲಹೆಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಪೆಟ್ರೋಲು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಕೇಳುವವರು ಕಡಿಮೆ.

ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ 1964ರಲ್ಲಿ ಬಂದು, ಮುಂದೆ ಚಿತ್ತೋಡದ ರಾಣಿಯ ಹೆಸರು ಪಡೆದ ಪದ್ಮಿನಿ ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಹೊಸ ಶತಮಾನ ಕಣ್ಣು ತೆರೆಯುವ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಉಳಿದಿರುವುದು ಪ್ರೀತಿಯಿಂದ ಇಟ್ಟುಕೊಂಡವರ ಮನೆಗಳಲ್ಲಿ. ಆಟೊಮೊಬೈಲ್ ಡಿಪ್ಲೊಮಾ ಅಥವಾ ಐ.ಟಿ.ಐ. ಓದುವ ಹುಡುಗ-ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗುವುದು ಕಷ್ಟ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಸ್ಪಾನರಿಗೆ ಸಿಗುತ್ತದೆ. ಕಂಪ್ಯೂಟರಿನ ಅಡ್ಡಿ ಇಲ್ಲ.

ಕಾರ್ಬುರೇಟರಿನ ಕೆಲಸ ತಿಳಿಯಲು ಸೊಳ್ಳೆ ಔಷಧಿ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪನ್ನು ನೆನೆಸಿಕೊಂಡರೆ ಸಾಕು. ಪಂಪಿನ ಗಾಳಿ ಸಣ್ಣ ಕೊಳವೆಯ ಬಾಯಿಯ ಮುಂದೆ ರಭಸದಿಂದ ಹಾಯುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಡಬ್ಬಿಯ ದ್ರವ ಮೇಲೇರಿ ತುಂತುರಾಗುತ್ತದೆ. ಕಾರ್ಬುರೇಟರಿನಲ್ಲಿ ಗಾಳಿಯನ್ನು ಎಳೆಯುವುದು ಎಂಜಿನ್ನಿನ ಪಿಸ್ಟನ್. ಗಾಳಿ ಹಾಯುವ ದಾರಿಯನ್ನು ನಡುವೆ ಸೊಂಟದಂತೆ ಕಿರಿದು ಮಾಡಿರುತ್ತಾರೆ. ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರು ಆ ಸೊಂಟಕ್ಕೆ ನಿಂತಿದೆ. ಹಂಗೆರಿಯ ಬಾಂಕಿ ಮತ್ತು ಚೊಂಕಾ ಎಂಬ ಎಂಜಿನಿಯರುಗಳೂ ಜರ್ಮನಿಯ ಮೇಬಾಖ್ ಕೂಡ 1893ರಲ್ಲಿ ಇಂಥ ತುಂತುರು ಕಾರ್ಬುರೇಟರನ್ನು ರೂಪಿಸಿದರು. ಹೂ ಮಾರುವ ಹುಡುಗಿ ಹೂಗಳ ಮೇಲೆ ನೀರು ಊದುತ್ತಿದ್ದುದನ್ನು ಕಂಡು ಬಾಂಕಿಗೆ ಈ ಉಪಾಯ ಹೊಳೆಯಿತೆಂಬ ಕತೆಯೂ ಉಂಟು. ಕತೆ ನಿಜವೋ ಅಲ್ಲವೋ, ಚೆನ್ನಾಗಿದೆ.

ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9 ಸಾವಿರ ಲೀಟರ್ ಗಾಳಿ! ಪೆಟ್ರೋಲು ಹೆಚ್ಚಾದರೆ ಮಿಶ್ರಣ ‘ರಿಚ್’, ಕಡಿಮೆಯಾದರೆ ‘ಲೀನ್’. ಗ್ಯಾರೇಜಿನಲ್ಲಿ ಕಾರ್ಬುರೇಟರಿನ ಮೇಲೆ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಈ ಎರಡರಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ.

ಕೈ ಹಾಕುವ ಮೊದಲು ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ಟ್ಯಾಂಕಿನಿಂದ ಪೆಟ್ರೋಲು ತೆಗೆಯಲು ಪೈಪು ಹಾಕಿ ಬಾಯಿಯಿಂದ ಎಳೆಯುವ ಅಭ್ಯಾಸ ನಮ್ಮಲ್ಲಿ ಇಂದಿಗೂ ಹೋಗಿಲ್ಲ. ಅದರ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಲೇಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನು ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಶೆಡ್ಡಿನ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಕಾರನ್ನು ಬಯಲಿಗೆ ತಳ್ಳಿ, ಎಂಜಿನ್ ತಣ್ಣಗಾದ ಮೇಲೆ, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಶುರುಮಾಡಬೇಕು. ಬೀಡಿ, ಸಿಗರೇಟಿನವರು ದೂರ.

ಮೊದಲ ಪರೀಕ್ಷೆಗೆ ಕಾರ್ಬುರೇಟರನ್ನು ಮುಟ್ಟುವುದೇ ಬೇಡ. ಪೆಟ್ರೋಲಿನ ಪೈಪು ಯಾವುದನ್ನೂ ಬಿಚ್ಚುವ ಮುನ್ನ ಪ್ಲಗ್‌ಗಳಲ್ಲಿ ಕಿಡಿ ಬರುತ್ತಿದೆಯೇ ನೋಡಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸುಟ್ಟಿರುವುದು, ಕಂಡೆನ್ಸರ್ ಕೈಕೊಟ್ಟಿರುವುದು, ಇವು ಥೇಟ್ ಕಾರ್ಬುರೇಟರಿನ ಕಾಯಿಲೆಯಂತೆಯೇ ಕಾಣಿಸುತ್ತವೆ. ಒಳ್ಳೆಯ ಕಾರ್ಬುರೇಟರ್ ಬಿಚ್ಚಿಸಿಕೊಂಡು ಹಾಳಾಗಿರುವುದು ಹೀಗೆಯೇ. ಬಿಚ್ಚಿದ ಪ್ಲಗ್ ಕೂಡ ಸಾಕ್ಷಿ ಹೇಳುತ್ತದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ತುದಿ ಬೆಳ್ಳಗೆ ಸುಟ್ಟಿದ್ದರೆ ಕಡಿಮೆ. ಪೆಟ್ರೋಲಿನಿಂದ ತೊಯ್ದಿದ್ದರೆ ಒಂದೋ ಪೆಟ್ರೋಲು ಉಕ್ಕುತ್ತಿದೆ, ಇಲ್ಲವೇ ಕಿಡಿಯೇ ಬರುತ್ತಿಲ್ಲ.

ಕಿಡಿ ಸರಿಯಿದೆ ಎಂದಾದರೆ ಏರ್ ಫಿಲ್ಟರ್ ತೆಗೆದು, ಎಂಜಿನ್ ಆಫ್ ಇರುವಾಗಲೇ, ಕಾರ್ಬುರೇಟರಿನ ಗಂಟಲಿನೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಎಳೆಯಬೇಕು. ಪದ್ಮಿನಿಯ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಸಣ್ಣ ಪಂಪು ಇರುವುದರಿಂದ ಪೆಟ್ರೋಲು ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮಿತೋ, ಬಟ್ಟಲಿನಲ್ಲಿ ಪೆಟ್ರೋಲಿದೆ; ತೊಂದರೆ ಅಲ್ಲಿಂದ ಮುಂದಿನದು. ಚಿಮ್ಮದಿದ್ದರೆ ಮೊದಲು ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹುಡುಕಬೇಕು. ಅಂಬಾಸಡರಿನ ಎಸ್.ಯು. ಕಾರ್ಬುರೇಟರಿನಲ್ಲಿ ಈ ಪಿಚಕಾರಿ ಇಲ್ಲ. ಅದರ ಕ್ರಮವೇ ಬೇರೆ, ಒಳಗಿನ ಪಿಸ್ಟನ್ ಮತ್ತು ಸೂಜಿ ಮೇಲೆ ಕೆಳಗೆ ಆಡುತ್ತ ಪೆಟ್ರೋಲನ್ನು ಅಳೆದು ಕೊಡುತ್ತವೆ. ಅಲ್ಲಿ ಪಿಸ್ಟನ್ ಸಲೀಸಾಗಿ ಏರಿಳಿಯುತ್ತದೆಯೇ, ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಇದೆಯೇ ಎಂದು ನೋಡುವುದೇ ಮೊದಲ ಕೆಲಸ.

ಹಿಂದಕ್ಕೆ ಹೋಗುವುದೆಂದರೆ, ಇಗ್ನಿಷನ್ ಕಾಯಿಲಿನ ಸಣ್ಣ ವೈರು ಕಳಚಿ ಕಿಡಿ ಬರದಂತೆ ಮಾಡಿ, ಕಾರ್ಬುರೇಟರಿಗೆ ಬರುವ ಪೈಪಿನ ತುದಿಯನ್ನು ಸೀಸೆಯೊಳಗಿಟ್ಟು ಸ್ಟಾರ್ಟರ್ ತಿರುಗಿಸುವುದು. ನಾಡಿ ಬಡಿದಂತೆ ಪೆಟ್ರೋಲು ಬರಬೇಕು. ಬರದಿದ್ದರೆ ಪಂಪಿನ ಡಯಾಫ್ರಮ್ ಹರಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನ ಕಡೆಯ ರಬ್ಬರ್ ಪೈಪು ಬಿರುಕುಬಿಟ್ಟು ಪಂಪು ಬರೀ ಗಾಳಿ ಕುಡಿಯುತ್ತಿರಬಹುದು. ಟ್ಯಾಂಕಿನ ಮುಚ್ಚಳವನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ಗಾಳಿಯಾಡುವ ರಂಧ್ರ ಮುಚ್ಚಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿದು ನಾಲ್ಕಾರು ಕಿಲೋಮೀಟರಿಗೆ ಕಾರು ನಿಲ್ಲುತ್ತದೆ. ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ ಹಾಗೆ. ಖರ್ಚು, ಒಂದು ಚೂರು ಬಟ್ಟೆ.

ಪೆಟ್ರೋಲು ಬರುತ್ತಿದ್ದೂ ಎಂಜಿನ್ ಒರಲುತ್ತಿದ್ದರೆ ಚೋಕ್ ಒಳ್ಳೆಯ ಪರೀಕ್ಷಕ. ಬಿಸಿಯಾದ ಎಂಜಿನ್ನಿಗೆ ಅರ್ಧ ಚೋಕ್ ಎಳೆದಾಗ ಸುಧಾರಿಸಿದರೆ ಮಿಶ್ರಣ ಲೀನ್ ಆಗಿದೆ: ಜೆಟ್ ಕಟ್ಟಿದೆ, ಇಲ್ಲವೇ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಕಳ್ಳಗಾಳಿ ನುಗ್ಗುತ್ತಿದೆ. ಇನ್ನಷ್ಟು ಹದಗೆಟ್ಟರೆ ಮಿಶ್ರಣ ಆಗಲೇ ರಿಚ್. ಓಡುವಾಗ ಸರಿಯಿದ್ದು ಸಿಗ್ನಲ್ಲಿನಲ್ಲಿ ಮಾತ್ರ ನಿಂತುಹೋಗುತ್ತದೆ ಎಂದಾದರೆ ಐಡಲ್ ಜೆಟ್ಟನ್ನೇ ಮೊದಲು ಹಿಡಿಯಬೇಕು. ಪೆಟ್ರೋಲು ಉಕ್ಕಿ ಹೊರಚೆಲ್ಲುತ್ತಿದ್ದರೆ ನೀಡಲ್ ವಾಲ್ವಿನಲ್ಲಿ ಕಸ, ಅಥವಾ ಫ್ಲೋಟಿನಲ್ಲಿ ತೂತು. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಸೇರಿದ ಪೆಟ್ರೋಲಿನ ಸದ್ದು ಕೇಳುತ್ತದೆ. ಚೆನ್ನಾಗಿ ಒರೆಸಿ ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ನೀರು ಒಲೆಯಿಂದ ಇಳಿಸಿ ದೂರ ತಂದದ್ದಾಗಿರಲಿ.

ಜೆಟ್ ಸ್ವಚ್ಛ ಮಾಡಲು ಗುಂಡುಪಿನ್ನು, ತಂತಿ ಹಾಕುವವರನ್ನು ತಡೆಯಬೇಕು. ಸೋಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. 120 ಎಂದರೆ ರಂಧ್ರ 1.20 ಮಿಲಿಮೀಟರ್. ಹಿತ್ತಾಳೆ ಮೆದು ಲೋಹ. ಒಂದು ಗೀರು ಬಿದ್ದರೆ ಅಂಕಿಯೇ ಸುಳ್ಳಾಗುತ್ತದೆ, ಆಮೇಲೆ ಎಷ್ಟು ಟ್ಯೂನಿಂಗ್ ಮಾಡಿದರೂ ಸರಿಹೋಗದು. ಕ್ಲೀನರ್ ದ್ರವ, ಪಂಪಿನ ಗಾಳಿ ಸಾಕು, ಕಣ್ಣಿಗೆ ಕನ್ನಡಕವಿರಲಿ. ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮುನ್ನ ಅದು ಎಷ್ಟು ಸುತ್ತು ಒಳಗಿತ್ತೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ವಿದ್ಯಾರ್ಥಿ ಸಂಜೆಗೆ ಮನೆಗೆ ಹೋಗುತ್ತಾನೆ. ಬರೆದುಕೊಳ್ಳದವನು ರಾತ್ರಿಯೂ ಅಲ್ಲೇ ಇರುತ್ತಾನೆ.

ಬೇಸಿಗೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಡುವ ಕಾರಿಗೆ ವೇಪರ್ ಲಾಕ್ ಆಗಿರಬಹುದು. ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಪಂಪಿನ ಎಳೆತಕ್ಕೆ ಸಿಗದೆ ಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಡ್ರೈವರುಗಳ ಉಪಾಯ ಖಂಡಿತ ಫಲ ಕೊಡುತ್ತದೆ. ಆದರೆ ಬಿಸಿಗೆ ಸೋಲುವ ಕಾಯಿಲ್ ಕೂಡ ಇದೇ ನಾಟಕವಾಡುತ್ತದೆ. ನಿಂತ ಕ್ಷಣದಲ್ಲೇ ಕಿಡಿ ಇದೆಯೇ ಎಂದು ನೋಡಿದರೆ ಯಾರ ತಪ್ಪೆಂದು ಗೊತ್ತಾಗುತ್ತದೆ.

ಹಳೆಯ ಕಾರಿಗೆ ಈಗ ಹೊಸದೊಂದು ಸವಾಲು ಸೇರಿಕೊಂಡಿದೆ. 20 ಭಾಗ ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ, ಒಂದಕ್ಕೆ ಒಂಬತ್ತರಷ್ಟು. ಹೊಸ ಕಾರಿನ ಸೆನ್ಸರ್ ಇದನ್ನು ಗುರುತಿಸಿ ಪೆಟ್ರೋಲು ಹೆಚ್ಚಿಸುತ್ತದೆ. ಪದ್ಮಿನಿಯ ಜೆಟ್ಟಿಗೆ ಆ ಬುದ್ಧಿ ಇಲ್ಲ, ಮಿಶ್ರಣ ತುಸು ಲೀನ್ ಆಗುತ್ತದೆ. ಜೊತೆಗೆ ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಕಿತ್ತು ಜೆಟ್ಟಿಗೆ ತಂದು ಹಾಕುತ್ತದೆ. ಎಥನಾಲ್ ತಾಳುವ ರಬ್ಬರ್ ಪೈಪು ಮತ್ತು ಡಯಾಫ್ರಮ್ ಹಾಕಿಸುವುದು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ಕೊಳೆಯಲು ಬಿಡದಿರುವುದು, ಇಷ್ಟನ್ನು ಈಗ ಮುಂದೂಡುವಂತಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೈಪೊಂದು ಒಡೆದರೆ ಕಾರಷ್ಟೇ ಅಲ್ಲ, ಶೆಡ್ಡೂ ಹೋದೀತು.

ಎಲ್ಲ ಜೋಡಿಸಿದ ಮೇಲೆ ಒಂದು ಬಾರಿಗೆ ಒಂದೇ ಬದಲಾವಣೆ. ಜೆಟ್, ಪಾಯಿಂಟ್, ಸ್ಕ್ರೂ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಗುಣವಾದದ್ದು ಯಾವುದರಿಂದ ಎಂದು ಮೇಸ್ತ್ರಿಗೂ ತಿಳಿಯದು. ಮಿಕ್ಸ್ಚರ್ ಸ್ಕ್ರೂವನ್ನು ಬರೆದಿಟ್ಟ ಸುತ್ತಿಗೆ ತಂದು, ಬಿಸಿ ಎಂಜಿನ್ ಹದವಾಗಿ ತಿರುಗುವವರೆಗೆ ಕಾಲುಸುತ್ತಿನಷ್ಟು ಆಚೀಚೆ ಮಾಡಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ಬಿಸ್ಕತ್ತಿನಂಥ ತಿಳಿಗಂದು ಬಣ್ಣ ಬಂದಿದ್ದರೆ ಏರ್ ಫಿಲ್ಟರ್ ಹಾಕಿ ಬಾನೆಟ್ ಮುಚ್ಚಬಹುದು.